ಪ್ರೇಮ್ ಕುಮಾರ್ ತುಂಬಿದ ಪೀಪಾಯಿ

ಅಯ್ಯಾಸಾಮಿಗೆ ಹಟ ಅಂದರೆ ಹಟ. ಮಗ ಪ್ರೇಮ್ ಕುಮಾರ್ ಸತ್ತು ಇವತ್ತಿಗೆ ವರ್ಷ ತುಂಬಿದರೂ ಅವನ ಪಟ ಅಟ್ಟದಿಂದ ಕೆಳಗಿಳಿದಿರಲಿಲ್ಲ. "ಕುಡಿದು ಸತ್ತವನಿಗೆ ನನ್ನ ಮನೇಲಿ ಎಡೆ ಇಲ್ಲ" ಅಂತ ತಮಿಳುನಾಡಿನ ನೆಗಮಂನ ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಮಗ್ಗಕ್ಕೆ ಹೋಗಿ ಕೂತುಬಿಟ್ಟಿದ್ದ. ಹೆಂಡತಿ ಸೆಲ್ಲಮ್ಮ ಮಾತ್ರ ಬೆಳಿಗ್ಗೆಯೇ ಬಾಳೆಲೆ ತೊಳೆದು ಮೊರದಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು.

ಹನ್ನೊಂದರ ಹೊತ್ತಿಗೆ ಮೆಲ್ವಿನ್ ಬಂದ. ಮೈಸೂರಿನ ಕಡೆಯ ಬೀರ್ ಕಾರ್ಖಾನೆಯಲ್ಲಿ ಪ್ರೇಮನ ಜೊತೆ ಕೆಲಸ ಮಾಡಿದವನು, ಮಂಗಳೂರಿನ ಕ್ರಿಶ್ಚಿಯನ್. ಚೀಲದಿಂದ ಒಂದು ಕಪ್ಪು ಬಾಟಲಿ, ಒಂದು ನೋಟ್ ಪುಸ್ತಕ ತೆಗೆದು ಜಗಲಿಯ ಮೇಲೆ ಇಟ್ಟ.

"ಅಂಕಲ್, ಇದು ಪ್ರೇಮ್ ತುಂಬಿದ ಓಕ್ ಪೀಪಾಯಿಯ ಬೀರು. ಒಂದೂವರೆ ವರ್ಷ ಮರದೊಳಗೇ ಇತ್ತು, ತುಂಬಾ ಸ್ಟ್ರಾಂಗು. ಮೊನ್ನೆ ತೆಗೆದೆವು. ಅವನ ಮುಂದೆ ಇಡೋಣ ಅಂತ ತಂದೆ."

"ಕೊಂದ ವಿಷಾನೇ ಎಡೆಗೆ ಇಡ್ಬೇಕಾ, ತಂಬಿ?" ಮಗ್ಗ ಬಿಟ್ಟು ಬಂದ ಅಯ್ಯಾಸಾಮಿ ಕೇಳಿದ.

ಮೆಲ್ವಿನ್ ತಬ್ಬಿಬ್ಬಾದ. "ಅವನು ಕುಡೀತಾನೇ ಇರಲಿಲ್ಲ ಅಂಕಲ್. ವಾರಕ್ಕೊಮ್ಮೆ ಪೀಪಾಯಿಯಿಂದ ಒಂದು ಗುಟುಕು ತೆಗೆದು, ಬಾಯಲ್ಲಿ ಆಡಿಸಿ ಉಗಿಯುತ್ತಿದ್ದ. ರುಚಿ ಹೇಗಿದೆ ಅಂತ ಈ ಪುಸ್ತಕದಲ್ಲಿ ಬರೆಯುತ್ತಿದ್ದ. ಅವನು ಹೋದಾಗ ನಾನು ಮಂಗಳೂರಲ್ಲಿದ್ದೆ. ನನಗೆ ತಮಿಳು ಓದಲಿಕ್ಕೂ ಬರುವುದಿಲ್ಲ."

ಆ ಪುಸ್ತಕ ಅಯ್ಯಾಸಾಮಿಗೆ ಗೊತ್ತಿತ್ತು. ಕಾರ್ಖಾನೆಯ ತೊಟ್ಟಿ ತೊಳೆಯಲು ಇಳಿದ ಮಗ ಉಸಿರು ಕಟ್ಟಿ ಸತ್ತ ದಿನ, ಪೊಲೀಸರು ಅದರ ಕೊನೆಯ ಪುಟ ತೆರೆದು ಇವನ ಮುಂದೆ ಹಿಡಿದಿದ್ದರು. ಕುಡಿದೇ ಇಳಿದಿದ್ದ ಅಂತ ಮಾಲೀಕರು ಅಷ್ಟರಲ್ಲಿ ಹೇಳಿಯಾಗಿತ್ತು. ಈ ಮನೆಯವರ ಮಾತು ಕನ್ನಡ, ಅಕ್ಷರ ತಮಿಳು. ಮಗ ಬರೆದದ್ದೂ ಹಾಗೆಯೇ. ಅಲ್ಲಿ ಅದನ್ನು ಓದಬಲ್ಲವನು ಇವನೊಬ್ಬನೇ. ಗಟ್ಟಿಯಾಗಿ ಓದಿದ್ದ: "ಇವತ್ತು ಕುಡಿ ಜಾಸ್ತಿ." ತಮಿಳಿನಲ್ಲಿ ಕುಡಿ ಅಂದರೆ ಕುಡಿತ. ಪೊಲೀಸರು ಬರೆದುಕೊಂಡರು, ಇವನು ಕೆಳಗೆ ಸೈನ್ ಹಾಕಿದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

"ನಂಗೆ ಒಂದಕ್ಷರ ಬರಲ್ಲ," ಎಂದಳು ಸೆಲ್ಲಮ್ಮ. "ಮೊದ್ಲಿಂದ ಓದಿ. ಎಲ್ಲಾ ಓದಿ."

ಅವಳ ದನಿಗೆ ಹೆದರಿ ಓದಿದ. "ಪೂದಿ" ಅಂದ. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ನಾಲಿಗೆ ತಾನೇ ತಿದ್ದಿಕೊಂಡು "ಬೂದಿ" ಅಂದಿತು. "ಪೆಲ್ಲ... ಬೆಲ್ಲ." ಆಮೇಲೆ "ಕುಡಿ." ಮುಂದಿನ ಪುಟದಲ್ಲೂ ಬೂದಿ, ಬೆಲ್ಲ, ಕುಡಿ. ಅದರ ಮುಂದಿನದರಲ್ಲೂ ಅದೇ.

"ಬೂದಿ, ಬೆಲ್ಲ ಸರಿ," ಎಂದ ಮೆಲ್ವಿನ್. "ಕುಡಿ ಅಂದರೆ ಎಂಥ ರುಚಿ, ಅಂಕಲ್?"

ಅಯ್ಯಾಸಾಮಿ ಪುಸ್ತಕ ಕೆಳಗಿಟ್ಟ. ಅರವತ್ತೆರಡು ವರ್ಷ ಹೆಂಡದ ನೆರಳೂ ಸೋಕದವನು ತಾನೇ ಬಾಟಲಿಯ ಮುಚ್ಚಳ ಕಿತ್ತು ಲೋಟಕ್ಕೆ ಸುರಿದ. ಡಿಕಾಕ್ಷನ್ನಿನಷ್ಟು ಕಪ್ಪಗಿತ್ತು. ನಾನು ಓದಿದ್ದು ತಪ್ಪಾಗದಿರಲಿ ತಾಯೀ ಅಂತ ಬೇಡಿಕೊಳ್ಳುತ್ತಲೇ ಬಾಯಿಗಿಟ್ಟ.

ಮೊದಲು ಸುಟ್ಟ ಬೂದಿಯ ಕಹಿ. ಹಿಂದೆಯೇ ಪಾಕಕ್ಕೆ ಬಂದ ಬೆಲ್ಲ. ಇನ್ನು ನುಂಗಬೇಕು ಅನ್ನುವಾಗ ಮೂಗಿನ ಹಿಂದೆ ಮೆಲ್ಲಗೆ ಎದ್ದಿತು: ಆಗಷ್ಟೇ ಒಡೆದ ತೆಂಗಿನಕಾಯಿ, ದೀಪದ ಕಾಡಿಗೆ, ಎಣ್ಣೆ ಕುಡಿದ ಹಳೇ ಮರದ ಬಾಗಿಲು. ಮನೆದೇವರು ಸೌಡಮ್ಮನ ಗುಡಿ. ಪ್ರತಿ ಶುಕ್ರವಾರ ಹೆಗಲ ಮೇಲೆ ಮಗನನ್ನು ಕೂರಿಸಿಕೊಂಡು ಹೋಗುತ್ತಿದ್ದ ಗುಡಿ. ಕ, ಗ ಎರಡಕ್ಕೂ ಒಂದೇ ಅಕ್ಷರ.

"ಗುಡಿ," ಅಂದ. "ಇವತ್ತು ಗುಡಿ ಜಾಸ್ತಿ."

ಸೆಲ್ಲಮ್ಮ ಲೋಟ ಇಸಿದುಕೊಂಡು ಮೂಸಿ ನೋಡಿದಳು. ತುಂಬಾ ಹೊತ್ತು ಮೂಸಿದಳು.

"ಬೂದಿಗೆ ಬೂದಿ ಅಂದ್ರಿ, ಬೆಲ್ಲಕ್ಕೆ ಬೆಲ್ಲ ಅಂದ್ರಿ. ಇದೊಂದು ನಿಮ್ಗೆ ತಿಳೀಲಿಲ್ವಾ?"

ಮಗನ ಮೇಲೆ ಒಂದು ವರ್ಷ ಸಾಕಿಕೊಂಡ ಸಿಟ್ಟೆಲ್ಲ ತಿರುಗಿ ಅಯ್ಯಾಸಾಮಿಯ ಮೈಮೇಲೇ ಬಿತ್ತು.

ಅವಳು ಅಟ್ಟ ಹತ್ತಿ ಪಟ ಇಳಿಸಿದಳು, ಸೆರಗಿನಿಂದ ಧೂಳು ಒರೆಸಿದಳು. ಎಲೆ ಹಾಕಿ ಅನ್ನ ಬಡಿಸಿ, ಪಕ್ಕದಲ್ಲಿ ಆ ಕಪ್ಪು ಲೋಟವನ್ನೂ ಇಟ್ಟಳು. ಅಯ್ಯಾಸಾಮಿ ಎದ್ದು ಬಂದು ಕರ್ಪೂರಕ್ಕೆ ಕೈ ನೀಡಿದ. ಅವಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ನೀವು ಅವತ್ತೇ ಸೈನ್ ಹಾಕಾಯ್ತಲ್ಲ," ಎಂದಳು.

ತಟ್ಟೆಯನ್ನು ಮೆಲ್ವಿನ್ ಕಡೆ ಚಾಚಿದಳು. "ಬಾ ತಂಬಿ, ನೀನು ಹಚ್ಚು."