ಆಚೆ ದಡದ ಡೇರೆಗಳು

ನೆರೆದೇಶದ ಆಗುಹೋಗುಗಳ ಮೇಲೆ ಕಣ್ಣಿಟ್ಟು ಮೇಲಿನವರಿಗೆ ತಿಳಿಸುವುದು ವಿದೇಶಾಂಗ ಇಲಾಖೆಯಲ್ಲಿ ಅವಳ ಕೆಲಸ. ಆ ಬೆಳಿಗ್ಗೆ ಅವಳು ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲೇ ಸುದ್ದಿ ಕಿವಿಯಿಂದ ಕಿವಿಗೆ ಹರಡಿಬಿಟ್ಟಿತ್ತು. ಗಡಿಹೊಳೆಯ ಸೇತುವೆಯನ್ನು ನೆರೆಯವರು ಹೇಳದೆ ಕೇಳದೆ ಮುಚ್ಚಿದ್ದಾರೆ, ಆಚೆ ದಡದಲ್ಲಿ ಸೈನ್ಯದ ಡೇರೆಗಳು ಎದ್ದಿವೆ, ಲಾರಿಗಳು ಸಾಲುಗಟ್ಟಿ ಬರುತ್ತಿವೆ.

ಸಂಜೆ ಮಂತ್ರಿಗಳ ಸಭೆಗೆ ಟಿಪ್ಪಣಿ ಬೇಕು ಎಂದರು ನಿರ್ದೇಶಕರು. ನೆರೆಯವರು ದಾಳಿಗೆ ಸಜ್ಜಾಗಿದ್ದಾರೆ, ನಾವೂ ಪಡೆ ಕಳಿಸಬೇಕು, ಇಷ್ಟೇ ಅದರ ತಿರುಳು. ಆಚೆಯ ರಾಜಧಾನಿಯಲ್ಲಿದ್ದ ನಮ್ಮ ರಾಯಭಾರಿ, ಗಡಿಯೂರಿನ ನಮ್ಮ ಅಧಿಕಾರಿ, ಜೊತೆಗೆ ಪತ್ರಿಕೆ, ಮೂರೂ ಕಡೆಯಿಂದ ಒಂದೇ ಮಾತು ಬಂದಿತ್ತು.

ಅವಳೂ ನಂಬಿದಳು. ಬರೆಯಲು ಕೂತರೆ ವಾಕ್ಯಗಳು ನೀರಿನಂತೆ ಹರಿದವು. ಆ ಸಲೀಸೇ ಅವಳನ್ನು ಕಸಿವಿಸಿಗೊಳಿಸಿತು. ಇದರಲ್ಲಿ ಗೊತ್ತಿರುವುದೆಷ್ಟು, ಊಹೆಯೆಷ್ಟು ಎಂದು ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದರೆ, ಪುಟದ ತುಂಬ ಊಹೆಯೇ ಕಂಡಿತು.

ಗಡಿಯೂರಿನ ಅಧಿಕಾರಿಗೆ ಫೋನು ಹಚ್ಚಿ, ಡೇರೆಗಳನ್ನು ಕಣ್ಣಾರೆ ಕಂಡವರು ಯಾರೆಂದು ಕೇಳಿದಳು. ಅವನು ತಡವರಿಸುತ್ತ, ಈಚೆಯಿಂದ ಮರಗಳ ಮರೆಗೆ ಏನೂ ಕಾಣುವುದಿಲ್ಲ, ಕಂಡವನು ಸೇತುವೆ ಮುಚ್ಚುವ ಮೊದಲು ಈಚೆ ಬಂದ ಒಬ್ಬ ಮರದ ವ್ಯಾಪಾರಿ ಎಂದ. ಪತ್ರಿಕೆಯವರಿಗೆ ಹೇಳಿದವನೂ ಅವನೇ. ರಾಯಭಾರಿಗಳು ತಿಳಿಸಿದ್ದು ಆ ಪತ್ರಿಕೆಯನ್ನೇ ಓದಿ. ಮೂರು ಬಾಯಿ ಎಂದುಕೊಂಡದ್ದು ಒಂದೇ ಬಾಯಿ.

“ಲಾರೀಲಿ ಬಂದೂಕು, ಫಿರಂಗಿ ಏನಾದ್ರೂ ನೋಡಿದ್ನಂತಾ?”

“ಅದನ್ನ ಕೇಳ್ಲಿಲ್ಲ ಮೇಡಂ.”

ಕೇಳಿ ಹೇಳಿ ಎಂದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ವ್ಯಾಪಾರಿ ಕಂಡಿದ್ದು ಮಂಚಗಳು ಮತ್ತು ನೀರಿನ ಟ್ಯಾಂಕರುಗಳನ್ನು.

ಆಗಲೇ ಅಮ್ಮನ ಫೋನು. ಅವಳ ತಮ್ಮ ಇದ್ದದ್ದು ಗಡಿಗೆ ಹೊರಡಬೇಕಾದ ಪಡೆಯಲ್ಲೇ. “ನಿನ್ನ ತಮ್ಮ ಮಾತಾಡಿದ್ದ. ಸಾಮಾನು ಕಟ್ಟಿ ಅಂದಿದಾರಂತೆ. ನಿಂಗೇನಾದ್ರೂ ಗೊತ್ತಾ?”

ಕಚೇರಿಯ ವಿಷಯ ಹೇಳುವಂತಿಲ್ಲಮ್ಮ ಎಂದು ಫೋನಿಟ್ಟಳು. ತಾನು ಯುದ್ಧವಿಲ್ಲ ಎನ್ನಲು ಹೊರಟಿರುವುದು ಕಾರಣವಿದ್ದೋ, ತಮ್ಮನಿಗಾಗಿಯೋ? ಅದನ್ನು ಪರೀಕ್ಷಿಸಲೆಂದೇ ಅವಳು ಯುದ್ಧದ ಪರವಾಗಿ ಏನೇನು ಹೇಳಬಹುದೋ ಎಲ್ಲವನ್ನೂ ಯೋಚಿಸಿದಳು. ಹೊಳೆನೀರಿನ ಹಂಚಿಕೆಗಾಗಿ ಹಳೆಯ ಜಗಳವಿತ್ತು. ಮಂಚಗಳು ಗಾಯಾಳುಗಳಿಗೂ ಇರಬಹುದು. ಈ ಕೊನೆಯ ಮಾತು ಅವಳನ್ನು ಚುಚ್ಚಿತು, ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ.

ದಾಳಿಯೆಂದು ಈಗಲೇ ಬರೆಯುವುದು ಬೇಡ ಎನ್ನಲು ಅವಳು ನಿರ್ದೇಶಕರ ಬಳಿ ಹೋದಳು. ಅವರು ಕೆಟ್ಟವರಲ್ಲ, ಪೆಟ್ಟು ತಿಂದವರು. “ಹಿಂದಿನ ಸಲವೂ ಹೀಗೇ ಯೋಚನೆ ಮಾಡ್ತಾ ಕೂತ್ವಿ. ಊರಿಗೆ ಊರೇ ಸುಟ್ಟುಹೋಯ್ತು,” ಎಂದರು.

“ಸರ್, ಮೊದಲೇ ಹೇಳ್ಬಿಡ್ತೀನಿ. ನನ್ನ ತಮ್ಮ ಆ ಪಡೇಲಿದಾನೆ. ಅದಕ್ಕೇ ನನ್ನ ಮನಸ್ಸನ್ನ ನಂಬಬೇಡಿ, ಕಾರಣಗಳನ್ನ ನೋಡಿ. ಇದು ಯುದ್ಧ ಇರಬಹುದು, ಯಾವುದೋ ರೋಗಾನೂ ಇರಬಹುದು. ಎರಡಕ್ಕೂ ಮಂಚ ಬೇಕು. ನಮ್ಮ ಡಾಕ್ಟರನ್ನ ಕಳಿಸ್ತೀವಿ ಅಂತ ಕೇಳೋಣ. ಯುದ್ಧಕ್ಕೆ ನಿಂತವರು ನಮ್ಮವರನ್ನ ಡೇರೆ ಹತ್ರ ಬಿಟ್ಕೊಳ್ಳಲ್ಲ.”

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ ಫೋನನ್ನು ಅವಳ ಕಡೆ ಸರಿಸಿದರು. “ಕೇಳಿ ನೋಡಿ. ಪಡೆ ಮಾತ್ರ ಇದ್ದಲ್ಲೇ ಸಿದ್ಧವಾಗಿರ್ಲಿ.”

ಆಚೆ ದೇಶದಲ್ಲಿ ಅವಳದೇ ಕೆಲಸ ಮಾಡುವ ಅಧಿಕಾರಿಯೊಬ್ಬನಿದ್ದ. ಸಭೆಗಳಲ್ಲಿ ಎದುರು ಬದುರು ಕೂತು ಮುಖ ಗಂಟಿಕ್ಕಿಕೊಂಡದ್ದಷ್ಟೇ ಪರಿಚಯ. ಡೇರೆಗಳಲ್ಲಿ ರೋಗಿಗಳಿದ್ದರೆ ನಮ್ಮ ಡಾಕ್ಟರನ್ನು ಕಳಿಸಲೇ ಎಂದು ಅವಳು ಅವನಿಗೆ ಫೋನು ಮಾಡಿ ಕೇಳಿದಳು.

“ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಅದಕ್ಕೇ ಕೇಳ್ತಿದೀನಿ.”

ಅವನು ದನಿ ತಗ್ಗಿಸಿದ. ಹೊಳೆದಂಡೆಯ ಊರುಗಳಲ್ಲಿ ವಾಂತಿಭೇದಿ ಹಬ್ಬಿದೆ, ಹೊರಗೆ ಗೊತ್ತಾದರೆ ತಮ್ಮ ಬೆಳೆಯನ್ನು ಯಾರೂ ಕೊಳ್ಳುವುದಿಲ್ಲವೆಂದು ಮೇಲಿನವರು ಬಾಯಿ ಕಟ್ಟಿದ್ದಾರೆ ಎಂದ. ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಫೋನಿಟ್ಟವನು ಸಭೆ ಶುರುವಾಗುವ ಮೊದಲೇ ಮತ್ತೆ ಕರೆದ.

“ಡಾಕ್ಟರು ಇವತ್ತೇ ಬರಲಿ. ಸಲೈನ್ ಬಾಟಲಿ ಇದ್ರೆ ತರಲಿ.”

ಮಂತ್ರಿಗಳ ಮುಂದೆ ಬೇರೆಯದೇ ಟಿಪ್ಪಣಿ ಹೋಯಿತು. ವೈದ್ಯರು ಹೋಗಿ ಕಣ್ಣಾರೆ ಕಂಡು ಬರುವವರೆಗೂ ನಿರ್ದೇಶಕರು ಪಡೆಯ ಸಿದ್ಧತೆ ಸಡಿಲಿಸಲಿಲ್ಲ. ಅದೂ ಸರಿಯೇ ಎಂದು ಅವಳಿಗೆ ಅನಿಸಿತು. ಸುದ್ದಿ ಬೇಗ ತಿಳಿದದ್ದರಿಂದ ಈಚೆ ದಡದ ಬಾವಿಗಳಿಗೂ ಔಷಧಿ ಬಿತ್ತು. ತಮ್ಮನ ಪಡೆ ಸೇತುವೆಗೆ ಹೋದದ್ದು ಔಷಧಿಯ ಪೆಟ್ಟಿಗೆಗಳನ್ನು ಹೊರಲು. “ಅಕ್ಕಾ, ಯುದ್ಧಾನೇ ವಾಸಿ ಇತ್ತು, ಸೊಂಟ ಬಿದ್ದುಹೋಯ್ತು,” ಎಂದು ಅವನು ಗೊಣಗಿದಾಗ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಸೇತುವೆ ತೆರೆದ ದಿನ ಆಚೆಯ ಅಧಿಕಾರಿಯೇ ಫೋನು ಮಾಡಿದ. ನಿಮ್ಮ ಪಡೆ ಸಾಮಾನು ಕಟ್ಟುತ್ತಿರುವ ಸುದ್ದಿ ಅವತ್ತು ನಮಗೂ ಬಂದಿತ್ತು, ದಾಳಿ ಖಂಡಿತ ಎಂದು ನಾನೂ ಒಂದು ಪುಟ ಬರೆದಿದ್ದೆ ಎಂದ. ಇನ್ನು ಮುಂದೆ ವಾರಕ್ಕೊಮ್ಮೆ, ಏನೂ ಇಲ್ಲದಿದ್ದರೂ, ಮಾತಾಡಬೇಕೆಂದು ಅಲ್ಲೇ ನಿಶ್ಚಯವಾಯಿತು.

ಮೊದಲ ವಾರವೇ ಹೊಳೆನೀರಿನ ಹಂಚಿಕೆಯ ಮಾತು ಬಂದು ಜೋರು ಜಗಳವಾಯಿತು. ಆದರೆ ಇಬ್ಬರೂ ಫೋನಿಡಲಿಲ್ಲ.