ಮೇಲಧಿಕಾರಿಯ ಮೂಲಕ

ಟೈಪಿಸ್ಟ್ ಕೊಟ್ಟ ಲಕೋಟೆಯನ್ನು ಅಧ್ಯಕ್ಷೆ ಎರಡೇ ಬೆರಳಿನಿಂದ ಹಿಂದಕ್ಕೆ ತಳ್ಳಿದಳು. ತಳ್ಳಿದ ಬೆರಳನ್ನು ಸೆರಗಿಗೆ ಒರೆಸಿಕೊಂಡದ್ದು ತನಗೇ ಕಂಡು, ಕೈಯನ್ನು ಮೇಜಿನ ಕೆಳಗಿಳಿಸಿದಳು.

“ಇದು ನೇರವಾಗಿ ಬರೋ ಹಾಗಿಲ್ಲಮ್ಮ. ಮೇಲಧಿಕಾರಿಯ ಮೂಲಕ ಬರಬೇಕು.”

ಟೈಪಿಸ್ಟ್ ನಿಂತೇ ಇದ್ದಳು. ಕೂರು ಎಂದು ಯಾರೂ ಹೇಳಿರಲಿಲ್ಲ.

“ದೂರು ಅವರ ಮೇಲೇನೇ ಮೇಡಂ.”

“ಗೊತ್ತು. ಲಕೋಟೆ ಅಂಟಿಸಿಕೊಂಡೇ ಹೋಗು. ಮೇಲೆ ಒಂದು ಸಹಿ, ಅಷ್ಟೇ.”

ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ರಜೆ ಅರ್ಜಿಗಿದ್ದ ಪದ್ಧತಿಯನ್ನು ಮಹಿಳಾ ದೂರು ಸಮಿತಿಗೂ ಹಚ್ಚಿದವಳು ಅಧ್ಯಕ್ಷೆಯಾದ ಅವಳೇ, ಕಾಗದ ಶಿಸ್ತಾಗಿ ಬರಲಿ ಎಂದು. ನಾಲ್ಕು ವರ್ಷದಲ್ಲಿ ಒಂದು ದೂರೂ ಬಂದಿರಲಿಲ್ಲ. ಪ್ರತಿ ವರ್ಷ ಡೈರೆಕ್ಟರು ಅದಕ್ಕಾಗಿ ಅವಳನ್ನು ಹೊಗಳುತ್ತಿದ್ದರು. ಈಗಲೂ ಕೈಚಾಚಿ ಲಕೋಟೆಯನ್ನು ತೆಗೆದುಕೊಂಡುಬಿಡಬಹುದಿತ್ತು.

ಟೈಪಿಸ್ಟ್ ಹೋದಳು. ಎದುರಿನ ಕೋಣೆಯ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು.

ಆ ಕೋಣೆಯ ಮೇಲಧಿಕಾರಿ ಇಡೀ ಕಚೇರಿಗೆ ಅಣ್ಣ. ಯಾರ ಮನೆಯಲ್ಲಿ ಕಾಯಿಲೆಯಾದರೂ ಆಸ್ಪತ್ರೆಗೆ ಮೊದಲು ಓಡುವವನು. ಅಧ್ಯಕ್ಷೆಯ ತಾಯಿಯ ಆಪರೇಷನ್ನಿಗೆ ರಕ್ತ ಕೊಟ್ಟವನು. ಕೊಟ್ಟ ತೋಳನ್ನು ಎಷ್ಟೋ ದಿನ ಎಲ್ಲರಿಗೂ ತೋರಿಸಿದವನು.

ಐದು ನಿಮಿಷ. ಹತ್ತು. ಒಂದು ಸಹಿಗೆ ಇಷ್ಟು ಹೊತ್ತು ಹಿಡಿಯುವುದಿಲ್ಲ. ನಡುವೆ ಇದ್ದದ್ದು ಹನ್ನೊಂದು ಹೆಜ್ಜೆ. ಎದ್ದಳು, ಕಿಟಕಿಯ ತನಕ ಹೋದಳು, ಬಂದು ಕೂತಳು.

ಅಟೆಂಡರ್ ಟೀ ತಂದ. ಎದುರಿಗೆ ಏನು ನಡೆದಿದೆ ಎಂದು ಕೇಳಿದಳು.

“ಅಣ್ಣಂದು ಗೊತ್ತಲ್ಲ ಮೇಡಂ. ಬುದ್ಧಿ ಹೇಳ್ತಿರ್ತಾರೆ.”

ಲೋಟ ನೋಡುತ್ತ ನಕ್ಕ. ಹೋಗುವಾಗ, ಹೇಳದಿದ್ದರೂ, ಬಾಗಿಲು ಎಳೆದುಕೊಂಡು ಹೋದ. ಟೀ ಮೇಲೆ ಕೆನೆ ಕಟ್ಟಿ ಸುಕ್ಕಾಯಿತು. ಲೋಟವನ್ನು ದೂರ ಸರಿಸಿದಳು. ತುಂಬಿದ ಸಭೆಯಲ್ಲಿ ಹೆಣ್ಣೊಬ್ಬಳು ಕೂಗಿದರೂ ಹಿರಿಯರೆಲ್ಲ ತಲೆ ತಗ್ಗಿಸಿದ ಕಥೆಯನ್ನು ಅಜ್ಜ ರಾಗವಾಗಿ ಓದುತ್ತಿದ್ದಾಗ, ಆ ಹಿರಿಯರ ಮೇಲೆ ಉರಿದುಬೀಳುತ್ತಿದ್ದಳು. ತಗ್ಗಿದ ತಲೆಗೆ ಕಾಣುವುದೇನೆಂದು ಈಗ ತಿಳಿಯಿತು. ನೆಲ. ಚೆನ್ನಾಗಿ ಒರೆಸಿದ ನೆಲ.

ಇಪ್ಪತ್ತು ನಿಮಿಷವಾದ ಮೇಲೆ ಟೈಪಿಸ್ಟ್ ಬಂದಳು. ಮುಖ ತೊಳೆದಿದ್ದಳು. ಕತ್ತಿನಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

“ಸಹಿ ಆಗಿದೆ ಮೇಡಂ.”

ಲಕೋಟೆಯ ಅಂಚನ್ನು ಅಣ್ಣ ಬ್ಲೇಡಿನಿಂದ ನಾಜೂಕಾಗಿ ಸೀಳಿದ್ದ. ಒಳಗಿನ ಹಾಳೆಯಲ್ಲಿ ಎರಡು ಕಡೆ ಕಾಗುಣಿತ ತಿದ್ದಿದ್ದ, ಕೆಂಪು ಶಾಯಿಯಲ್ಲಿ. ಕೆಳಗೆ ದುಂಡಗಿನ ಅಕ್ಷರ: ‘ಓದಿದ್ದೇನೆ. ಸಹಾನುಭೂತಿಯಿಂದ ಪರಿಶೀಲಿಸಬಹುದು.’

“ಏನಾದರೂ ಅಂದರಾ?”

“‘ಅಕ್ಕ ಮೊದಲು ನನ್ನ ಹತ್ರ ಕಳಿಸಿದ್ದು ಒಳ್ಳೇದಾಯ್ತು, ಅವರು ನಮ್ಮವರೇ’ ಅಂದ್ರು.”

ಬೇರೆ ಏನಾದರೂ ಆಯಿತಾ ಎಂದು ಕೇಳಬೇಕಿತ್ತು. ಕೇಳಿದರೆ ಅವಳು ಹೇಳಿಬಿಡುತ್ತಾಳೆ.

“ಇಡು. ನೋಡ್ತೀನಿ.”

“ನೀವು ಕೇಳಿದ್ದು ತಂದಿದ್ದೀನಲ್ಲ ಮೇಡಂ. ಯಾವಾಗ ನೋಡ್ತೀರಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಸಹಿಸಲಾಗಲಿಲ್ಲ.

ಅಟೆಂಡರ್ ಇಣುಕಿದ. ವಾರ್ಷಿಕ ವರದಿಗೆ ಸಮಿತಿಯ ಫೋಟೋ ಬೇಕಂತೆ, ಹೆಂಗಸರೆಲ್ಲ ಅಂಗಳಕ್ಕೆ ಬರಬೇಕಂತೆ. ಅವಳು ತಟ್ಟನೆ ಎದ್ದಳು. ಎದ್ದ ವೇಗಕ್ಕೆ ತನಗೇ ಅಸಹ್ಯವಾಯಿತು. ಹಾಳೆ ಮೇಜಿನ ಮೇಲೆಯೇ ಉಳಿಯಿತು.

ಅಂಗಳದಲ್ಲಿ ಹದಿನಾರು ಹೆಂಗಸರು ಒಂದೇ ಸಾಲಾಗಿ ನಿಂತು ಉದ್ದನೆಯ ಬಟ್ಟೆಯೊಂದನ್ನು ಹಿಡಿದುಕೊಂಡರು. ‘ನಿಮ್ಮೊಂದಿಗೆ ನಾವು’ ಎಂದು ಬರೆದಿತ್ತು. ಟೈಪಿಸ್ಟ್ ಒಂದು ತುದಿ ಹಿಡಿದಿದ್ದಳು, ಅಧ್ಯಕ್ಷೆ ನಟ್ಟನಡುವೆ. ಅಣ್ಣ ಫೋಟೋದವನ ಹೆಗಲ ಮೇಲೆ ಕೈಯಿಟ್ಟು, ಅಕ್ಷರ ಮಡಿಕೆಬೀಳುತ್ತಿದೆ, ಬಿಗಿಯಾಗಿ ಹಿಡೀರಿ ಎನ್ನುತ್ತಿದ್ದ.

“ಇನ್ನೂ ಸ್ವಲ್ಪ ಮೇಲೆತ್ತಿ ಅಕ್ಕ. ಇನ್ನೂ ಸ್ವಲ್ಪ.”

ಎತ್ತಿದರು. ಬಟ್ಟೆ ಎದೆ ದಾಟಿತು, ಗದ್ದ ದಾಟಿತು, ಮೂಗಿನ ಕೆಳಗೆ ಬಂದು ನಿಂತಿತು. ಯಾರೂ ಅಲುಗಾಡಬಾರದು ಎಂದ ಫೋಟೋದವನು.

ಬಟ್ಟೆಯ ಹಿಂದೆ, ಯಾರಿಗೂ ಕಾಣದ ಅಧ್ಯಕ್ಷೆಯ ಬಾಯಿ, ಫೋಟೋಕ್ಕೆಂದು ನಗುತ್ತಲೇ ಇತ್ತು.