ಹಕ್ಕಲಿನ ಎಣ್ಣೆ

ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ರಸ್ತೆಯ ಎರಡೂ ಬದಿ ಸೂರ್ಯಕಾಂತಿ ಹೊಲ, ನಡುವೆ ನನ್ನ ಬಜ್ಜಿ ಅಂಗಡಿ. ಹೂ ಬಿಟ್ಟಾಗ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳದವರಿಲ್ಲ. ಇಂಥ ಊರಿನಲ್ಲಿ ಸೂರ್ಯಕಾಂತಿ ಎಣ್ಣೆಯೇ ಸಿಗಲಿಲ್ಲ ಅಂದರೆ ಯಾರಾದರೂ ನಗುತ್ತಾರೆ. ನನಗಂತೂ ನಗು ಬರಲಿಲ್ಲ.

ಎಲ್ಲೋ ದೂರದಲ್ಲಿ ಯುದ್ಧವಂತೆ, ಎಣ್ಣೆ ತರುವ ಹಡಗು ನಿಂತಿದೆಯಂತೆ. ಪೇಟೆಯ ಅಂಗಡಿಗಳೆಲ್ಲ ಖಾಲಿ. ಜನ ಮುಗಿಬಿದ್ದು ತಾಳೆ ಎಣ್ಣೆಯೂ ಮುಗಿದಿತ್ತು. ಕಡಲೆಕಾಯಿ ಎಣ್ಣೆಯ ಬೆಲೆಗೆ ಬಜ್ಜಿಯಲ್ಲ, ಬಂಗಾರ ಕರಿಯಬೇಕು.

ನಮ್ಮ ಹೊಲದ ಬೀಜವೇ ಹೋದ ವಾರ ಲಾರಿ ಹತ್ತಿತ್ತು. ರಾಗಿಯನ್ನು ಮನೆಗಿಡುತ್ತೇವೆ, ಅವರೆಯನ್ನು ಮನೆಗಿಡುತ್ತೇವೆ. ಸೂರ್ಯಕಾಂತಿಯನ್ನು ಮಾತ್ರ ಒಂದು ಹಿಡಿಯೂ ಉಳಿಸದೆ ಮಾರಿ, ಆಮೇಲೆ ಪ್ಯಾಕೆಟ್ ಎಣ್ಣೆಗೆ ಕೈಚಾಚುತ್ತೇವೆ. ಮಂಡಿಯ ಗಂಗಾಧರಸ್ವಾಮಿಯವರನ್ನು ಕೇಳಿದೆ. "ಅದು ಆಗ್ಲೇ ಗಡಿ ದಾಟಿ ಮಿಲ್ಲು ಸೇರ್ಕಂಡದೆ, ಪವಿತ್ರಮ್ಮ" ಅಂದರು.

ನನ್ನ ಗಂಡ ಸೋಮಶೇಖರ್ ಸುಲಭದ ದಾರಿ ಹುಡುಕಿದ್ದರು. "ಬಾಗ್ಲಾಕ್ಬುಡು. ಟೋಪಿ ಮಾರೋನು ಜಾಗ ಕೇಳ್ತಾವ್ನೆ. ಬರೋ ಸೋಮ್ವಾರ ಬತ್ತನೆ, ಕೊಟ್ಬುಡನ."

ನನಗೆ ಮೈಯೆಲ್ಲ ಉರಿಯಿತು. ಹೊಲ ಅವರ ಹೆಸರಿನಲ್ಲಿದೆ, ಮನೆ ಮಾವನ ಹೆಸರಿನಲ್ಲಿದೆ. ನನ್ನದು ಅಂತ ಇರುವುದು ಆ ಬಾಣಲೆಯೊಂದೇ.

"ಸೋಮ್ವಾರ ನನ್ ಬಾಣ್ಲಿ ಕಾಯ್ನಿಲ್ಲ ಅಂದ್ರೆ ಕೊಟ್ಬುಡಿ" ಅಂದೆ.

ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅತ್ತೆ ಮಲ್ಲಾಜಮ್ಮ ತಲೆ ಎತ್ತಿದರು. "ಹೊಲ್ದಲ್ಲಿ ಹಕ್ಕಲು ಅದಲ್ಲಮ್ಮಿ. ಆಯ್ಕಳನ ನಡಿ."

ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದುಬಿದ್ದದ್ದೇ ಹಕ್ಕಲು. ತಡವಾಗಿ ಬಲಿತ ಸಣ್ಣ ತೆನೆ, ಬಾಗಿ ಮಣ್ಣಿಗೆ ಬಿದ್ದ ತೆನೆ. ಯಾರು ಆಯ್ದುಕೊಂಡರೂ ಹೊಲದವರು ಕೇಳುವ ಹಾಗಿಲ್ಲ. ಈಗ ಯಾರಿಗೂ ಪುರುಸೊತ್ತಿಲ್ಲ, ಎಲ್ಲ ಗಿಣಿಗಳ ಪಾಲು.

ಮೊದಲ ದಿನ ಅತ್ತೆ ಸೊಸೆ ಇಬ್ಬರೇ ಬಗ್ಗಿ ಆಯ್ದೆವು. "ಗಿಣಿ ಜೊತೆ ಪೈಪೋಟಿಗೆ ಬಿದ್ದವ್ರೆ ನೋಡಿ" ಅಂತ ಪಕ್ಕದ ಹೊಲದ ಹೆಂಗಸರು ನಕ್ಕರು. ಮಾರನೆಯ ದಿನ ಅವರ ಮನೆಯ ಎಣ್ಣೆ ಡಬ್ಬವೂ ತಳ ಕಂಡಿತ್ತು. ನಕ್ಕವರೇ ಕುಕ್ಕೆ ಹಿಡಿದು ಬಂದರು. ಬಡಿದು, ಒಣಗಿಸಿ, ಕೇರಿದಾಗ ನಮ್ಮ ಪಾಲಿಗೇ ಎರಡು ಮೂಟೆ ತುಂಬಿತು.

ಭಾನುವಾರ ಮೂಟೆಗಳನ್ನು ಬಸ್ಸಿಗೆ ಹಾಕಿಕೊಂಡು ಚಂದಕವಾಡಿಯ ನಿಂಗಯ್ಯನ ಗಾಣಕ್ಕೆ ಹೋದೆವು. ಕಡಲೆಕಾಯಿ, ಕೊಬ್ಬರಿ ಬಿಟ್ಟು ಬೇರೇನೂ ಹಾಕದ ಮನುಷ್ಯ ಬೀಜ ಮೂಸಿ ನೋಡಿದ. "ಗಾಣ ಕೆಟ್ರೆ ಯಾರಮ್ಮ ಗತಿ?"

"ಕೆಟ್ರೆ ನನ್ ಬಾಣ್ಲಿ ನಿಮ್ಗೇ."

ಗಾಣ ತಿರುಗಿತು. ಬರೀ ಪುಡಿ. ನಿಂಗಯ್ಯ ನನ್ನ ಮುಖ ನೋಡಿದ, ನಾನು ಅತ್ತೆಯ ಮುಖ ನೋಡಿದೆ. ಅವನು ಒಂದಿಷ್ಟು ಬಿಸಿನೀರು ಚಿಮುಕಿಸಿದ. ಪುಡಿ ಮುದ್ದೆಯಾಯಿತು, ಮುದ್ದೆ ಮಿರುಗಿತು, ಕೊನೆಗೆ ತೂಬಿನಿಂದ ಗಾಢ ಹಳದಿ ಎಣ್ಣೆ ಇಳಿಯಿತು. ಇಷ್ಟು ವರ್ಷ ಬೆಳೆದ ಬೆಳೆಯ ವಾಸನೆ ನನಗೆ ಗೊತ್ತಾದದ್ದು ಆವತ್ತೇ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ಸೋಮವಾರ ಟೋಪಿಯವನು ಗಂಟು ಸಮೇತ ಬಂದಾಗ ನನ್ನ ಬಾಣಲೆ ಹೊಗೆಯಾಡುತ್ತಿತ್ತು. ಎಣ್ಣೆಯಲ್ಲಿ ಸ್ವಲ್ಪ ನೊರೆ ಬಂತು, ಬಜ್ಜಿಗೆ ಬಣ್ಣ ಜಾಸ್ತಿ ಹಿಡಿಯಿತು. ಕೇರಳದ ಲಾರಿ ಡ್ರೈವರ್ ಒಬ್ಬ ಕಚ್ಚಿ ನೋಡಿ, ಉಳಿದರ್ಧವನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನು ತಟ್ಟೆ ಖಾಲಿ ಮಾಡಿ ಇನ್ನೊಂದು ಪ್ಲೇಟ್ ಹೇಳಿದ. ಕೊನೆಗೆ ಟೋಪಿಯವನೂ ಗಂಟು ಕೆಳಗಿಟ್ಟು ತಿಂದ. ಜಾಗದ ಮಾತೇ ಎತ್ತಲಿಲ್ಲ.

ಅದಾದ ಮೇಲೆ ಹಡಗುಗಳು ಬಂದವು, ಪ್ಯಾಕೆಟ್‌ಗಳೂ ಬಂದವು. ನಾನು ಗೆದ್ದೆ ಅಂತ ಎದೆಯುಬ್ಬಿಸಿ ಓಡಾಡಿದೆ, ಸುಳ್ಳೇಕೆ ಹೇಳಲಿ. ಆದರೆ ನಿಜವಾಗಿ ಗೆದ್ದದ್ದು ಮುಂದಿನ ಸುಗ್ಗಿಯಲ್ಲಿ.

ಮೂಟೆಗಳೆಲ್ಲ ಲಾರಿ ಹತ್ತಿದ್ದವು. ಸೋಮಶೇಖರ್ ಕೈ ಅಡ್ಡ ಹಿಡಿದು ಅಂದರು, "ತಡಿಯಪ್ಪ. ನಾಕು ಮೂಟೆ ಇಳ್ಸು."

"ಯಾಕ್ ಸೋಮಣ್ಣ, ರೇಟ್ ಒಪ್ಪಿಗೆ ಆಗ್ನಿಲ್ವ?" ಲಾರಿಯವನು ಕೇಳಿದ.

"ರೇಟಲ್ಲ ಕಣ್ಲಾ. ಇದು ಮನೆಗೆ."

ಪಕ್ಕದ ಹೊಲದಲ್ಲೂ ಮೂಟೆ ಇಳಿಯುತ್ತಿತ್ತು. ನಮ್ಮ ನಾಲ್ಕನ್ನೂ ಸೋಮಶೇಖರ್ ತಾವೇ ಒಂದೊಂದಾಗಿ ಹೊತ್ತು ತಂದು ನನ್ನ ಬಾಣಲೆಯ ಪಕ್ಕ ಇಳಿಸಿದರು.